ಕ್ಯಾಲರಿ ಲೆಕ್ಕ ಸರಿಯಿತ್ತು, ತಟ್ಟೆ ತಪ್ಪಿತ್ತು

ತುಂಬಾ ದಿನ ಆಯ್ತು ಈ ಕಡೆ ತಲೆ ಹಾಕಿ. ಆಫೀಸು, ರಿಲೀಸು, ಮತ್ತೆ ಆಫೀಸು... ನೆಪಗಳಿಗೇನೂ ಬರ ಇಲ್ಲ ಬಿಡಿ. ಇವತ್ತು ಬರೆಯಲೇಬೇಕು ಅಂತ ಕೂತಿದ್ದಕ್ಕೆ ಕಾರಣ, ಕಳೆದ ವಾರ ಶ್ರೀನಿವಾಸಪುರದಲ್ಲಿ ನಡೆದ ನಮ್ಮ ನೆಂಟರ ಮದುವೆ.

ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಕೂತಿದ್ದವನು ಮಾಲೂರಿನ ಚಿಕ್ಕಮ್ಮನ ಮಗ. ಇಪ್ಪತ್ತನಾಲ್ಕು ವರ್ಷ, ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ. ಎಲೆ ತುಂಬಾ ಬಡಿಸಿದ್ದರೂ ಹುಡುಗ ಬರೀ ಕೋಸಂಬರಿ ಕೆದಕ್ತಾ ಇದ್ದ. ಏನೋ ಅಂದೆ. "ಡಯಟ್ ಅಣ್ಣಾ. ಒಂದು ತಿಂಗಳಿಂದ ಬೆಳಗ್ಗೆ ಶೇಕ್, ರಾತ್ರಿ ಶೇಕ್. ಆರು ಕೆಜಿ ಇಳಿದೆ. ನೀನೂ ಇಳಿಸಿದ್ದೆಯಲ್ಲ, ನಿನ್ನ ಫೋಟೋ ನೋಡೇ ಶುರು ಮಾಡಿದ್ದು" ಅಂದ!

ನನಗೆ ಒಬ್ಬಟ್ಟು ಗಂಟಲಲ್ಲೇ ನಿಂತುಹೋಯ್ತು. ಅವನು ನೋಡಿದ ಫೋಟೋ ಮೂರು ವರ್ಷ ಹಳೇದು. ಆಮೇಲೆ ಏನಾಯ್ತು ಅನ್ನೋ ಕಥೆ ಅವನಿಗೆ ಗೊತ್ತಿಲ್ಲ, ಯಾಕಂದ್ರೆ ಅದನ್ನ ನಾನು ಯಾರಿಗೂ ಹೇಳಿಲ್ಲ. ಇಳಿದಾಗ ಫೋಟೋ ಹಾಕ್ತೀವಿ, ಏರಿದಾಗ ಯಾರು ಹಾಕ್ತಾರೆ ಹೇಳಿ? ವಾಲಗದ ಸದ್ದಿನಲ್ಲಿ ಅವನಿಗೆ ಸರಿಯಾಗಿ ಏನೂ ಹೇಳೋಕಾಗಲಿಲ್ಲ. ಹೇಳಬೇಕಿದ್ದನ್ನ ಇಲ್ಲಿ ಬರೀತಿದ್ದೀನಿ.

ಮೊದಲು ನನ್ನ ಕಥೆ.

ನಮ್ಮೂರು ಮುಳಬಾಗಿಲು ತಾಲ್ಲೂಕಿನ ಒಂದು ಹಳ್ಳಿ. ಅಜ್ಜಿ ಮನೆ ಶ್ರೀನಿವಾಸಪುರದ ಕಡೆ. ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿಗೆ ಬಂದಾಗ ನಾನು 70 ಕೆಜಿ. ನಾಲ್ಕೇ ವರ್ಷಕ್ಕೆ 89. ಐದಡಿ ಎಂಟಿಂಚಿನವನಿಗೆ ಇದು ಸ್ವಲ್ಪ ಅಲ್ಲ, ತುಂಬಾನೇ ಜಾಸ್ತಿ. ಎತ್ತರ-ತೂಕದ ಲೆಕ್ಕ ಇದೆಯಲ್ಲ, ಬಿಎಂಐ, ಅದು ಭಾರತೀಯರಿಗೆ 23 ದಾಟಿದ್ರೇ ಹೆಚ್ಚು ತೂಕ, 25 ದಾಟಿದ್ರೆ ಬೊಜ್ಜು ಅಂತ ನಮ್ಮ ವೈದ್ಯರು ಇಟ್ಟುಕೊಂಡಿರೋ ಗೆರೆ. ನಂದು ಮೂವತ್ತು.

ಇಂಜಿನಿಯರ್ ಬುದ್ಧಿ ನೋಡಿ, ಇದನ್ನೂ ಒಂದು ಬಗ್ ಅಂತಲೇ ತಿಳ್ಕೊಂಡೆ. ಒಳಗೆ ಹೋಗೋ ಕ್ಯಾಲರಿ ಮೈನಸ್ ಖರ್ಚಾಗೋ ಕ್ಯಾಲರಿ, ಅಷ್ಟೇ ತಾನೇ? ಒಂದು ಎಕ್ಸೆಲ್ ಶೀಟ್ ಮಾಡಿದೆ. ದಿನಕ್ಕೆ 1200 ಕ್ಯಾಲರಿ, ಒಂದು ಹೆಚ್ಚಿಲ್ಲ ಒಂದು ಕಡಿಮೆ ಇಲ್ಲ. ಏನು ತಿನ್ನಬೇಕು ಅನ್ನೋ ಕಾಲಮ್ ಇರಲಿಲ್ಲ. ಪ್ಯಾಕೆಟ್ ಮೇಲೆ ಕ್ಯಾಲರಿ ಅಚ್ಚು ಹಾಕಿರೋದು ತಿಂದ್ರೆ ಲೆಕ್ಕ ಸುಲಭ ಅಂತ ಪ್ಯಾಕೆಟ್ಟೇ ತಿಂದೆ. ಡಯಟ್ ಬಿಸ್ಕತ್ತು, ಬಿಸಿನೀರಿಗೆ ಕಲಸೋ ಸೂಪು, ಸಿಹಿ ಓಟ್ಸು, ಶೇಕ್ ಪುಡಿ. ಅಮ್ಮನ ಸಾರಿನಲ್ಲಿ ಎಷ್ಟು ಕ್ಯಾಲರಿ ಅಂತ ಅಮ್ಮನಿಗೂ ಗೊತ್ತಿಲ್ಲ, ಗೂಗಲ್ಲಿಗೂ ಗೊತ್ತಿಲ್ಲ. ಹಾಗಾಗಿ ಊರಿಗೆ ಹೋದರೂ ಸಾರು ಮುಟ್ಟುತ್ತಿರಲಿಲ್ಲ.

ನಾಲ್ಕು ತಿಂಗಳಿಗೆ 77 ಕೆಜಿ. ಹನ್ನೆರಡು ಕೆಜಿ ಇಳಿಕೆ! ಆಫೀಸಿನಲ್ಲಿ ಸನ್ಮಾನ ಒಂದು ಬಾಕಿ. ಅಜ್ಜಿ ಮಾತ್ರ ನನ್ನ ಮುಖ ಹಿಡ್ಕೊಂಡು ತೆಲುಗು ಬೆರೆಸಿದ ಕನ್ನಡದಲ್ಲಿ "ಏಮಾಯಿತೋ ನೈನಾ, ಹುಷಾರಿಲ್ವಾ?" ಅಂದಳು.

ಅಜ್ಜಿ ಹೇಳಿದ್ದೇ ಸರಿ ಇತ್ತು. ತಲೆ ಬಾಚಿದ್ರೆ ಬಾಚಣಿಗೆ ತುಂಬಾ ಕೂದಲು. ಸಣ್ಣ ಮಾತಿಗೂ ಸಿಟ್ಟು. ಮುಳಬಾಗಿಲಿನ ಹತ್ತಿರ ಆವನಿ ಬೆಟ್ಟ ಇದೆ, ಮೇಲೆ ಸೀತಮ್ಮನ ಗುಡಿ. ಎಂಬತ್ತೊಂಬತ್ತು ಕೆಜಿ ಇದ್ದಾಗ ಏದುಸಿರು ಬಿಟ್ಕೊಂಡಾದ್ರೂ ಹತ್ತಿದ್ದೆ. ಎಪ್ಪತ್ತೇಳು ಕೆಜಿಗೆ ಅರ್ಧ ದಾರಿಯಲ್ಲಿ ಕಾಲು ನಡುಗಿ ಕೂತುಬಿಟ್ಟೆ. ಇಳಿದದ್ದು ಬರೀ ಕೊಬ್ಬಲ್ಲ, ಕಾಲಿನ ಮಾಂಸಖಂಡವೂ ಹೌದು ಅಂತ ಆಮೇಲೆ ಗೊತ್ತಾಯ್ತು. ಸಾಕಷ್ಟು ಪ್ರೋಟೀನ್ ಇಲ್ಲದೆ, ವ್ಯಾಯಾಮ ಇಲ್ಲದೆ ಗಡಿಬಿಡಿಯಲ್ಲಿ ಇಳಿಸಿದ್ರೆ ದೇಹ ಎರಡನ್ನೂ ಕರಗಿಸುತ್ತೆ. ತಕ್ಕಡಿಗೆ ವ್ಯತ್ಯಾಸ ಗೊತ್ತಾಗಲ್ಲ.

ಮುಂದಿನ ಹತ್ತು ತಿಂಗಳಿಗೆ 91 ಕೆಜಿ. ಹೌದು, ಹೊರಟಿದ್ದಕ್ಕಿಂತ ಎರಡು ಹೆಚ್ಚು. ಬಡ್ಡಿ ಸಮೇತ ವಾಪಸ್ :-)

ಹಾಗಾದ್ರೆ ಕ್ಯಾಲರಿ ಲೆಕ್ಕ ಸುಳ್ಳಾ? ಇಲ್ಲ ಸ್ವಾಮಿ, ಲೆಕ್ಕ ನಿಜಾನೇ. 2010ರಲ್ಲಿ ಅಮೆರಿಕದ ಕಾನ್ಸಾಸ್ ಸ್ಟೇಟ್ ಯೂನಿವರ್ಸಿಟಿಯ ಪೌಷ್ಟಿಕಾಂಶ ಪ್ರಾಧ್ಯಾಪಕ ಮಾರ್ಕ್ ಹಾಬ್ ಅನ್ನೋರು ಇದನ್ನ ತಮ್ಮ ಮೇಲೇ ಪ್ರಯೋಗ ಮಾಡಿ ತೋರಿಸಿದ್ರು. ಹತ್ತು ವಾರ, ಬಹುಪಾಲು ಕ್ರೀಮ್ ತುಂಬಿದ ಕೇಕು, ಚಿಪ್ಸು ಇಂಥದ್ದೇ ಊಟ. ಆದ್ರೆ ದಿನಕ್ಕೆ 1800 ಕ್ಯಾಲರಿ ಒಳಗೆ. 27 ಪೌಂಡು, ಅಂದ್ರೆ ಸುಮಾರು 12 ಕೆಜಿ ಇಳಿದ್ರು. ಹಾಗಂತ ಎಲ್ಲರೂ ಹೀಗೇ ತಿನ್ನಿ ಅಂತ ಅವರೂ ಹೇಳಲಿಲ್ಲ. ಕಡಿಮೆ ತಿಂದ್ರೆ ಇಳೀತೀವಿ, ಅದು ಭೌತಶಾಸ್ತ್ರ. ಆದ್ರೆ ಹತ್ತು ವಾರ ಹಲ್ಲು ಕಚ್ಚಿಕೊಂಡು ಮಾಡೋದು ಬೇರೆ, ಹತ್ತು ವರ್ಷ ಬದುಕೋದು ಬೇರೆ. ನಾನೂ ನಾಲ್ಕು ತಿಂಗಳು ಹಲ್ಲು ಕಚ್ಚಿದ್ದೆ. ಐದನೇ ತಿಂಗಳು ಹಲ್ಲು ಬಿಟ್ಟೆ.

ನನ್ನ ಕಣ್ಣು ತೆರೆಸಿದ್ದು 2019ರ ಇನ್ನೊಂದು ಪ್ರಯೋಗ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಮತ್ತು ಜೊತೆಗಾರರು 20 ಜನರನ್ನ ಅಲ್ಲೇ ಇರಿಸಿಕೊಂಡು ಊಟ ಹಾಕಿದ್ರು. ಎರಡು ವಾರ ಫ್ಯಾಕ್ಟರಿಯಲ್ಲಿ ತೀರಾ ಸಂಸ್ಕರಿಸಿದ ಊಟ, ಎರಡು ವಾರ ಸಾದಾ ಅಡುಗೆ. ಮಜಾ ಏನಂದ್ರೆ, ಮುಂದಿಟ್ಟ ಎರಡೂ ಊಟದಲ್ಲಿ ಕ್ಯಾಲರಿ, ಸಕ್ಕರೆ, ಕೊಬ್ಬು, ನಾರು ಎಲ್ಲಾ ಸಮ ಮಾಡಿದ್ರು. ಎಷ್ಟು ಬೇಕೋ ಅಷ್ಟು ತಿನ್ನಿ, ಸಾಕಾದ್ರೆ ಬಿಡಿ ಅಂದ್ರು. ಪ್ಯಾಕೆಟ್ ಊಟದ ವಾರಗಳಲ್ಲಿ ಜನ ದಿನಕ್ಕೆ ಸುಮಾರು 500 ಕ್ಯಾಲರಿ ಹೆಚ್ಚು ತಿಂದ್ರು. ತೂಕ 0.9 ಕೆಜಿ ಏರಿತು. ಸಾದಾ ಅಡುಗೆಯ ವಾರಗಳಲ್ಲಿ 0.9 ಕೆಜಿ ಇಳೀತು. ಯಾರೂ ಡಯಟ್ ಮಾಡ್ತಾ ಇರಲಿಲ್ಲ, ಯಾರಿಗೂ ಹಸಿವು ಕಟ್ಟಿ ಕೂರಿ ಅಂತ ಹೇಳಿರಲಿಲ್ಲ.

ನಾನು ಕೂತು ಲೆಕ್ಕ ಹಾಕಿದೆ. 500 ಕ್ಯಾಲರಿ ಇಂಟು 14 ದಿನ, 7000. ಒಂದು ಕೆಜಿ ಕೊಬ್ಬಿಗೆ ಸುಮಾರು 7700 ಅಂತಾರೆ. ಅಂದ್ರೆ ಒಂಬೈನೂರು ಗ್ರಾಂ. ಸರಿಯಾಗಿ ತಾಳೆಯಾಗುತ್ತೆ! ಕ್ಯಾಲರಿ ಲೆಕ್ಕ ಸೋತಿಲ್ಲ ನೋಡಿ. ಆದ್ರೆ ನಾವು ಎಷ್ಟು ಕ್ಯಾಲರಿ ತಿಂತೀವಿ ಅನ್ನೋದನ್ನ ತೀರ್ಮಾನಿಸೋದು ನಮ್ಮ ಎಕ್ಸೆಲ್ ಶೀಟ್ ಅಲ್ಲ, ತಟ್ಟೆಯಲ್ಲಿರೋ ಊಟದ ಗುಣ. ಮೆತ್ತಗಿದ್ದು, ಅಗಿಯೋ ಕೆಲಸವಿಲ್ಲದೆ, ಬೇಗ ಬೇಗ ಒಳಗೆ ಹೋಗೋ ತಿಂಡಿ, ಹೊಟ್ಟೆ "ಸಾಕು" ಅನ್ನೋದ್ರೊಳಗೆ ಎರಡು ಪ್ಯಾಕೆಟ್ ಮುಗಿದಿರುತ್ತೆ. ನಾನು ನಾಲ್ಕು ತಿಂಗಳು ಮಾಡಿದ್ದು ಇದೇ: ಹಸಿವು ಹೆಚ್ಚಿಸೋ ಊಟ ತಿಂದು, ಹಸಿವಿನ ಜೊತೆ ಕುಸ್ತಿ ಆಡಿದ್ದು.

ಇನ್ನೊಂದು, 2018ರದ್ದು. ಸ್ಟ್ಯಾನ್‌ಫರ್ಡಿನ ಕ್ರಿಸ್ಟೋಫರ್ ಗಾರ್ಡ್ನರ್ ತಂಡ 609 ಜನರನ್ನ ಎರಡು ಗುಂಪು ಮಾಡಿ ಒಂದು ವರ್ಷ ನೋಡಿದ್ರು. ಒಂದು ಗುಂಪಿಗೆ ಕೊಬ್ಬು ಕಡಿಮೆ, ಇನ್ನೊಂದಕ್ಕೆ ಕಾರ್ಬೋಹೈಡ್ರೇಟ್ ಕಡಿಮೆ. ಎರಡೂ ಗುಂಪಿಗೆ ಹೇಳಿದ ಒಂದು ಮಾತು ಮಾತ್ರ ಒಂದೇ: ತರಕಾರಿ ಚೆನ್ನಾಗಿ ತಿನ್ನಿ, ಸಕ್ಕರೆ ಮೈದಾ ಬಿಡಿ, ಆದಷ್ಟೂ ಮನೇಲೇ ಅಡುಗೆ ಮಾಡಿ. ಕ್ಯಾಲರಿ ಎಣಿಸಿ ಅಂತ ಯಾರಿಗೂ ಹೇಳಲಿಲ್ಲ. ವರ್ಷದ ಕೊನೆಗೆ ಒಂದು ಗುಂಪು ಸರಾಸರಿ 5.3 ಕೆಜಿ, ಇನ್ನೊಂದು 6 ಕೆಜಿ ಇಳಿದಿತ್ತು. ಹೇಳಿಕೊಳ್ಳೋ ವ್ಯತ್ಯಾಸವೇನಿಲ್ಲ. ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ "ಅನ್ನ ಬಿಡಿ" ಪಕ್ಷದವರೂ "ಎಣ್ಣೆ ಬಿಡಿ" ಪಕ್ಷದವರೂ ದಿನಾ ಕಚ್ಚಾಡ್ತಾರಲ್ಲ, ಅವರಿಗೆ ಇದನ್ನ ಕಳಿಸಿದ್ದೆ. ಯಾರೂ ಓದಲಿಲ್ಲ, ಬಿಡಿ.

ಈಗ ನೀವು ಅಂದ್ಕೊಂಡಿರ್ತೀರ, ಇವನು ಕೋಲಾರದವನು, ಇನ್ನೇನು ರಾಗಿಮುದ್ದೆ ಪುರಾಣ ಶುರು ಮಾಡ್ತಾನೆ ಅಂತ. ಮಾಡ್ತೀನಿ. ಆದ್ರೆ ನೀವಂದುಕೊಂಡ ಹಾಗಲ್ಲ.

ನಮ್ಮ ಕಡೆ ಒಂದು ನಂಬಿಕೆ ಇದೆ. ಮುದ್ದೆ ತಿಂದವನಿಗೆ ಬೊಜ್ಜು ಬರಲ್ಲ, ಶುಗರ್ ಬರಲ್ಲ. ನಮ್ಮಪ್ಪ ಇದನ್ನ ನಂಬಿ ಜೀವನಪೂರ್ತಿ ರಾತ್ರಿ ಎರಡು, ಮಧ್ಯಾಹ್ನ ಎರಡು ಮುದ್ದೆ ತಿಂದ್ರು. ಹೊಲದಲ್ಲಿ ದುಡೀತಿದ್ದಾಗ ಏನೂ ಆಗಲಿಲ್ಲ. ಬೈಕು ಬಂತು, ಟ್ರ್ಯಾಕ್ಟರ್ ಬಂತು, ಮುದ್ದೆ ಮಾತ್ರ ಅಷ್ಟೇ ಇತ್ತು. ಐವತ್ತೈದಕ್ಕೆ ಶುಗರ್ ಬಂತು. ಡಾಕ್ಟರ ಮುಂದೆ ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: "ನಾನು ಮುದ್ದೆ ತಿನ್ನೋನು, ನನಗೆ ಹೇಗೆ ಬಂತು?" ಪಾಪ, ಮೋಸ ಹೋದವರ ದನಿ ಅದು.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ನಮ್ಮ ದೇಶದ ಆಹಾರಗಳ ಪೋಷಕಾಂಶದ ಪಟ್ಟಿ ಮಾಡಿದೆ. ಅದರ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 320 ಕ್ಯಾಲರಿ. 100 ಗ್ರಾಂ ಬಿಳಿ ಅಕ್ಕಿಯಲ್ಲಿ ಸುಮಾರು 356. ಅಂಥ ವ್ಯತ್ಯಾಸ ಎಲ್ಲಿದೆ? ಪ್ರೋಟೀನೂ ಎರಡರಲ್ಲೂ ಏಳೆಂಟು ಗ್ರಾಮೇ. ವ್ಯತ್ಯಾಸ ಇರೋದು ನಾರಿನಲ್ಲಿ. ರಾಗಿಯಲ್ಲಿ 11 ಗ್ರಾಂ, ಅಕ್ಕಿಯಲ್ಲಿ 3 ಗ್ರಾಮಿಗಿಂತ ಕಡಿಮೆ. ಮತ್ತೆ ಕ್ಯಾಲ್ಸಿಯಂ, ರಾಗಿಯಲ್ಲಿ 364 ಮಿಲಿಗ್ರಾಂ, ಅಕ್ಕಿಯಲ್ಲಿ ಇದ್ದೂ ಇಲ್ಲದ ಹಾಗೆ. ರಾಗಿ ಕಾಳು ಚಿಕ್ಕದು, ಹೊಟ್ಟು ತೆಗೆಯೋಕೆ ಆಗಲ್ಲ, ಹಾಗಾಗಿ ಪಾಲಿಶ್ ಮಾಡದೆ ಇಡೀ ಕಾಳನ್ನೇ ಬೀಸಿಕೊಳ್ತೀವಿ. ಅದೇ ಅದರ ಪುಣ್ಯ. ಆದ್ರೆ ಅದೂ ಧಾನ್ಯವೇ, ಪಿಷ್ಟವೇ. ನಾಲ್ಕು ಮುದ್ದೆ ಅಂದ್ರೆ ನಾಲ್ಕು ಮುದ್ದೆ!

ಅದೂ ಅಲ್ದೆ, ಈಗಷ್ಟೇ ಹೇಳಿದೆನಲ್ಲ, ಅಗಿಯೋ ಕೆಲಸವಿಲ್ಲದ ಊಟ ಬೇಗ ಒಳಗೆ ಹೋಗುತ್ತೆ ಅಂತ. ಮುದ್ದೆ ಅಗಿಯೋದೇ ಇಲ್ಲ, ನುಂಗೋದು! ಬೆಂಗಳೂರಿನ ಸ್ನೇಹಿತ ಒಬ್ಬ ನಮ್ಮನೇಲಿ ಮುದ್ದೆ ಅಗಿಯೋಕೆ ಹೋಗಿ ಹಲ್ಲಿಗೆಲ್ಲ ಅಂಟಿಸಿಕೊಂಡ ಕಥೆ ಇನ್ನೊಂದ್ಸಲ ಹೇಳ್ತೀನಿ.

ಹಾಗಾದ್ರೆ ಅಜ್ಜಿ ಕಾಲದ ಊಟದ ಗುಟ್ಟು ಎಲ್ಲಿತ್ತು? ನನಗನ್ಸೋದು, ಅದು ಮುದ್ದೆಯಲ್ಲಿ ಇರಲಿಲ್ಲ, ಮುದ್ದೆಯ ಪಕ್ಕದಲ್ಲಿತ್ತು. ಬೆರಕೆ ಸೊಪ್ಪಿನ ಮಸ್ಸೊಪ್ಪು. ಹುರುಳಿಕಾಳಿನ ಬಸ್ಸಾರು, ಬಸಿದ ಕಾಳು-ಸೊಪ್ಪಿನ ಪಲ್ಯ. ಡಿಸೆಂಬರ್-ಜನವರಿಗೆ ಅವರೆಕಾಯಿ, ಹಿತಕಿದ ಬೇಳೆ. ಹುರುಳಿಯಲ್ಲಿ 100 ಗ್ರಾಮಿಗೆ ಇಪ್ಪತ್ತು ಗ್ರಾಮಿಗೂ ಹೆಚ್ಚು ಪ್ರೋಟೀನ್ ಇದೆ. ಸೊಪ್ಪಿನಲ್ಲಿ ಕ್ಯಾಲರಿ ಇಲ್ಲವೇ ಇಲ್ಲ ಅನ್ನಬಹುದು, ಹೊಟ್ಟೆ ಮಾತ್ರ ತುಂಬುತ್ತೆ. ಮುದ್ದೆ ನುಂಗಿದ್ರೂ ಕಾಳು, ಸೊಪ್ಪು ಅಗಿಯಲೇಬೇಕು. ಇಡೀ ತಟ್ಟೆ ಸೇರಿ ಮಾಡೋ ಕೆಲಸ ಅದು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಮುದ್ದೆ ಒಂದು ಫಂಕ್ಷನ್ ಅಷ್ಟೇ, ಪ್ರೋಗ್ರಾಂ ಪೂರ್ತಿ ತಟ್ಟೆ.

ಈಗ ಆ ತಟ್ಟೆ ಏನಾಗಿದೆ? ನಮ್ಮ ನಾಲ್ಕು ಊರಿನ ಉದಾಹರಣೆ ಕೊಡ್ತೀನಿ.

ಕೋಲಾರ. ಏಷ್ಯಾದಲ್ಲೇ ದೊಡ್ಡ ಟೊಮೇಟೊ ಮಾರುಕಟ್ಟೆಗಳಲ್ಲಿ ಒಂದು ಇಲ್ಲಿನ ಎಪಿಎಂಸಿಯಲ್ಲಿದೆ. ನಮ್ಮ ಹೊಲದಲ್ಲೂ ಈಗ ಟೊಮೇಟೊ, ಕೆಳಗೆ ಪ್ಲಾಸ್ಟಿಕ್ ಹೊದಿಕೆ. ಮೊದಲು ಬದುವಿನಲ್ಲಿ ಅಣ್ಣೆ ಸೊಪ್ಪು, ಗಣಿಕೆ, ಗೋಣಿ ಸೊಪ್ಪು ತಾನಾಗೇ ಬರ್ತಿತ್ತು, ಅಜ್ಜಿ ಮಡಿಲು ತುಂಬಾ ಕಿತ್ತು ತರ್ತಿದ್ದಳು. ಈಗ ಅದು ಕಳೆ, ಅದಕ್ಕೆ ಔಷಧಿ ಹೊಡೀತೀವಿ. ಮನೇಲಿ ದಿನಾ ಸಾರು ಅಂದ್ರೆ ಟೊಮೇಟೊ ಹಿಂಡಿದ ತಿಳಿ ನೀರು. ಮುದ್ದೆ ಉಳೀತು, ಪಕ್ಕದ್ದು ಹೋಯ್ತು. ಅಪ್ಪನ ಪ್ರಶ್ನೆಗೆ ಉತ್ತರ ಸ್ವಲ್ಪ ಇಲ್ಲೂ ಇದೆ ಅಂತ ನನ್ನ ಗುಮಾನಿ.

ಶ್ರೀನಿವಾಸಪುರ. ಮಾವಿನ ಸೀಮೆ, ಹೇಳಬೇಕಾಗೇ ಇಲ್ಲ. ಬಾದಾಮಿ, ರಸಪುರಿ ತಿನ್ನೋಕೆ, ತೋತಾಪುರಿ ಹೆಚ್ಚಾಗಿ ಪಲ್ಪ್ ಫ್ಯಾಕ್ಟರಿಗೆ. ಒಂದು ಮಾವಿನಹಣ್ಣು ತಿನ್ನೋಕೆ ಹತ್ತು ನಿಮಿಷ ಬೇಕು, ಮೊಣಕೈವರೆಗೂ ಸೋರುತ್ತೆ, ಎರಡು ತಿಂದ್ರೆ ಸಾಕು ಅನ್ಸುತ್ತೆ. ಅದೇ ಹಣ್ಣಿನ ತಿರುಳು ಸಕ್ಕರೆ ನೀರಿನ ಜೊತೆ ಬಾಟಲಿ ಸೇರಿ ವಾಪಸ್ ಬಂದ್ರೆ ಅರ್ಧ ನಿಮಿಷಕ್ಕೆ ಖಾಲಿ, ಹೊಟ್ಟೆಗೆ ಗೊತ್ತೇ ಆಗಲ್ಲ. "ಹಣ್ಣಿನ ಪಾನೀಯ" ಅಂತ ಬರೆಯೋಕೆ ನಮ್ಮ ಕಾನೂನಿನ ಪ್ರಕಾರ ಶೇಕಡ 10 ಹಣ್ಣಿನ ರಸ ಇದ್ರೂ ಸಾಕು. ಆ ಮದುವೆ ಮನೆಯಲ್ಲಿ, ಸುತ್ತಾ ಮಾವಿನ ತೋಪು ಇರೋ ಊರಲ್ಲಿ, ಬಂದವರಿಗೆಲ್ಲ ಕೊಟ್ಟಿದ್ದು ಬಾಟಲಿ ಮ್ಯಾಂಗೋ! ನಾನೂ ಕುಡಿದೆ, ಸುಳ್ಳು ಯಾಕೆ.

ಮುಳಬಾಗಿಲು. ನಮ್ಮ ದೋಸೆಯನ್ನ ಬೈದ್ರೆ ನಾನು ಸುಮ್ನಿರಲ್ಲ. ಅಂಚು ಗರಿಗರಿ, ನಡುವೆ ಮೆತ್ತಗೆ, ಮೇಲೆ ಧಾರಾಳ ತುಪ್ಪ. ಖಂಡಿತ ಕ್ಯಾಲರಿ ಜಾಸ್ತಿ. ಆದ್ರೆ ಅದು ಅಕ್ಕಿ ಉದ್ದು ನೆನೆಸಿ, ರುಬ್ಬಿ, ರಾತ್ರಿಯಿಡೀ ಹುದುಗಿಸಿ ಮಾಡಿದ್ದು. ಅದನ್ನ ತಿನ್ನೋಕೆ ಕಾಯಬೇಕು, ಕೂರಬೇಕು, ಆಮೇಲೆ ಮಧ್ಯಾಹ್ನದವರೆಗೂ ಬೇರೆ ಏನೂ ಬೇಡ ಅನ್ಸುತ್ತೆ. ನನ್ನನ್ನ 89ಕ್ಕೆ ಏರಿಸಿದ್ದು ತಿಂಗಳಿಗೆ ಎರಡು ಸಲ ತಿಂದ ಮುಳಬಾಗಿಲು ದೋಸೆ ಅಲ್ಲ, ದಿನಾ ಸಂಜೆ ಕೀಬೋರ್ಡ್ ಪಕ್ಕ ತಿಂದಿದ್ದೇ ಗೊತ್ತಾಗದೆ ಖಾಲಿಯಾದ ಬಿಸ್ಕತ್ತು ಪ್ಯಾಕೆಟ್ಟು.

ಇನ್ನು ಮಾಲೂರು. ನಮ್ಮ ಹುಡುಗನ ಊರು. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು.

ಚಿಕ್ಕಮ್ಮ, ಚಿಕ್ಕಪ್ಪ ಇಬ್ಬರೂ ಕೆಲಸಕ್ಕೆ ಹೋಗ್ತಾರೆ. ಮಾಲೂರಿನಿಂದ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಹೋಗಿ ರಾತ್ರಿ ಬರೋರು ಎಷ್ಟು ಜನ ಅಂತ ಸ್ಟೇಷನ್ನಿನಲ್ಲಿ ನಿಂತು ನೋಡಿ. ಇನ್ನು ಇಲ್ಲೇ ಇಂಡಸ್ಟ್ರಿಯಲ್ ಏರಿಯಾದಲ್ಲಿ ಶಿಫ್ಟು ಮಾಡೋರು. ರಾತ್ರಿ ಎಂಟಕ್ಕೆ ಮನೆ ಸೇರಿದ ಚಿಕ್ಕಮ್ಮನಿಗೆ "ಬೆರಕೆ ಸೊಪ್ಪು ಬಿಡಿಸು, ಅವರೆ ಹಿತಕು, ಬಸ್ಸಾರು ಮಾಡು" ಅಂತ ಉಪದೇಶ ಮಾಡೋಕೆ ನನಗೆ ಯಾವ ಮುಖ ಇದೆ? ಒಂದು ಸೇರು ಅವರೆಕಾಯಿ ಬಿಡಿಸಿ, ನೆನೆಸಿ, ಒಂದೊಂದಾಗಿ ಹಿತಕೋಕೆ ಎಷ್ಟು ಹೊತ್ತು ಬೇಕು ಅಂತ ಮಾಡಿದವರಿಗೇ ಗೊತ್ತು. ನಾನು ಇಪ್ಪತ್ತಾರು ವರ್ಷ ತಿಂದಿದ್ದೆ, ಹಿತಕಿರಲಿಲ್ಲ.

ಇದು ನನಗೆ ತಡವಾಗಿ ಹೊಳೆದ ಮಾತು. ಆಹಾರದ ಗುಣಮಟ್ಟ ಅಂತ ನಾವು ಏನನ್ನ ಕರೀತೀವೋ, ಅದರಲ್ಲಿ ಬಹುಪಾಲು ಯಾರದೋ ಸಮಯ. ನಮ್ಮ ಮನೆಗಳಲ್ಲಿ ಆ "ಯಾರೋ" ಯಾವಾಗಲೂ ಹೆಂಗಸರು. ಅಜ್ಜಿ ಕಾಲದ ಊಟ ಚೆನ್ನಾಗಿತ್ತು ಅಂತ ಹೊಗಳೋ ಗಂಡಸರು ನಾವು, ಆ ಊಟಕ್ಕೆ ಅಜ್ಜಿ ಎಷ್ಟು ಗಂಟೆಗೆ ಏಳ್ತಿದ್ದಳು ಅಂತ ಯಾವತ್ತಾದ್ರೂ ಕೇಳಿದ್ದೀವಾ? ಪ್ಯಾಕೆಟ್ಟು ಗೆದ್ದಿದ್ದು ರುಚಿಯಿಂದ ಮಾತ್ರ ಅಲ್ಲ. ಅದು ಚಿಕ್ಕಮ್ಮನಿಗೆ ಒಂದು ಗಂಟೆ ನಿದ್ದೆ ವಾಪಸ್ ಕೊಡ್ತು. ಆ ಒಂದು ಗಂಟೆಗೆ ನಾವು ಬೇರೆ ದಾರಿ ಹುಡುಕದೆ "ಮನೆ ಊಟ ಮಾಡಿ" ಅನ್ನೋದು ಬರೀ ಬಾಯಿಮಾತು.

ಅದಕ್ಕೇ ಎರಡನೇ ಸಲ ತೂಕ ಇಳಿಸೋಕೆ ಹೊರಟಾಗ ನಾನು ಮೊದಲು ಮಾಡಿದ್ದು ಅಡುಗೆ ಕಲಿತದ್ದು. ಅಮ್ಮ ವಿಡಿಯೋ ಕಾಲ್‌ನಲ್ಲಿ ಕೂತು ಮುದ್ದೆ ತಿರುವಿಸಿದಳು. ಮೊದಲ ಮುದ್ದೆ ಒಳಗೆಲ್ಲ ಹಿಟ್ಟಿನ ಗಂಟು. ಎರಡನೇದು ಗೋಡೆಗೆ ಹೊಡೆದ್ರೆ ಗೋಡೆಗೇ ಗಾಯ. ಹತ್ತನೇದು ಪರವಾಗಿಲ್ಲ. ಭಾನುವಾರ ಹುರುಳಿ, ಅಲಸಂದೆ, ಹೆಸರುಕಾಳು ನೆನೆಸಿ ಮೊಳಕೆ ಕಟ್ಟಿ ಫ್ರಿಜ್ಜಿನಲ್ಲಿಡ್ತೀನಿ. ಸೊಪ್ಪು ಭಾನುವಾರವೇ ಬಿಡಿಸಿ ಬಟ್ಟೆಯಲ್ಲಿ ಸುತ್ತಿಟ್ರೆ ಮೂರು ದಿನ ಬರುತ್ತೆ. ಕುಕ್ಕರ್‌ಗೆ ಹಾಕಿದ್ರೆ ಮಸ್ಸೊಪ್ಪಿಗೆ ಇಪ್ಪತ್ತೈದು ನಿಮಿಷ ಸಾಕು, ಫುಡ್ ಆರ್ಡರ್ ಬರೋಕೂ ಅಷ್ಟೇ ಹೊತ್ತು. ಒಂದು ಮುದ್ದೆ, ಎರಡು ಸೌಟು ಕಾಳು-ಸೊಪ್ಪು, ಮಜ್ಜಿಗೆ. ಮೊಟ್ಟೆ ತಿನ್ನೋನಾದ್ರಿಂದ ದಿನಕ್ಕೆರಡು ಮೊಟ್ಟೆ. ವಾರಕ್ಕೆ ಮೂರು ದಿನ ಸ್ವಲ್ಪ ಭಾರ ಎತ್ತೋ ವ್ಯಾಯಾಮ.

ಕ್ಯಾಲರಿ ಎಣಿಸೋದು ಬಿಟ್ಟೆ. ಎಕ್ಸೆಲ್ ಶೀಟ್ ಡಿಲೀಟ್ ಮಾಡಲಿಲ್ಲ, ಅಷ್ಟು ದೊಡ್ಡ ಮನಸ್ಸು ಬರಲಿಲ್ಲ :-)

ಹದಿನಾರು ತಿಂಗಳಾಯ್ತು. 91ರಿಂದ 80. ಲೆಕ್ಕ ಹಾಕಿ, ತಿಂಗಳಿಗೆ ಒಂದು ಕೆಜಿಯೂ ಇಲ್ಲ. ಯಾವ ಜಾಹೀರಾತಿಗೂ ಬೇಡದ ಫೋಟೋ ನನ್ನದು. ಇನ್ನೂ ಹತ್ತು ಕೆಜಿ ಹೆಚ್ಚೇ ಇದೆ. ಆದ್ರೆ ಒಂದು ದಿನವೂ ಹಸಿದು ಮಲಗಿಲ್ಲ, ಯುಗಾದಿಗೆ ಒಬ್ಬಟ್ಟು ಬಿಟ್ಟಿಲ್ಲ. ಕಳೆದ ತಿಂಗಳು ಆವನಿ ಬೆಟ್ಟ ನಿಲ್ಲದೆ ಹತ್ತಿದೆ. ಸೀತಮ್ಮನ ಗುಡಿ ಮುಂದೆ ಕೂತು ಕೆಳಗಿನ ಬಂಡೆಗಳನ್ನ ನೋಡ್ತಾ, ಇದಕ್ಕಿಂತ ಒಳ್ಳೆ ತಕ್ಕಡಿ ಇಲ್ಲ ಅನ್ಸಿತು.

ಅಪ್ಪನದೂ ಸ್ವಲ್ಪ ಹೇಳ್ತೀನಿ. ನಾಲ್ಕು ಮುದ್ದೆ ಎರಡಾಯ್ತು, ಅದೂ ಚಿಕ್ಕವು. ತಟ್ಟೆಯ ಅರ್ಧ ಪಲ್ಯ. ಡಾಕ್ಟರ ಮಾತ್ರೆ ಮುಂದುವರೀತಿದೆ, ಸಂಜೆ ಕೆರೆ ಏರಿ ಮೇಲೆ ನಡೀತಾರೆ. "ಮುದ್ದೆ ಮೋಸ ಮಾಡ್ಲಿಲ್ಲ ಅಪ್ಪಾ, ನೀನು ಹೊಲ ಬಿಟ್ಟಿದ್ದನ್ನ ಅದಕ್ಕೆ ಯಾರೂ ಹೇಳಿರಲಿಲ್ಲ" ಅಂದೆ. ನಕ್ಕರು. ಬದುವಿನ ಒಂದು ಕಡೆ ಈಗ ಔಷಧಿ ಹೊಡೆಯಲ್ಲ. ಅಣ್ಣೆ ಸೊಪ್ಪು ಮತ್ತೆ ಬಂದಿದೆ.

ಇದನ್ನ ಓದಿ ಕೆಲವರು ಬೈಬಹುದು. ಒಂದು, "ಇದೆಲ್ಲ ದುಡ್ಡಿರೋರ ಮಾತು." ಸಾವಯವ, ಸೂಪರ್‌ಫುಡ್, ಡಬ್ಬಿಯಲ್ಲಿ ತುಂಬಿದ ಸಿರಿಧಾನ್ಯದ ಮಾತಾದ್ರೆ ಒಪ್ತೀನಿ. 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ ಆಗಿತ್ತಲ್ಲ, ಅದರ ಗುಂಗಿನಲ್ಲಿ ರಾಗಿ ಹೆಸರು ಹೊತ್ತ ಬಿಸ್ಕತ್ತು, ಚಿಪ್ಸು ಎಷ್ಟೋ ನೋಡಿದೆ. ಪ್ಯಾಕೆಟ್ ಹಿಂದೆ ಓದಿ. ಪದಾರ್ಥಗಳನ್ನ ತೂಕದ ಪ್ರಕಾರ, ಹೆಚ್ಚಿರೋದು ಮೊದಲು ಬರೋ ಹಾಗೆ ಬರೆಯಬೇಕು ಅನ್ನೋದು ನಿಯಮ. ಮೊದಲ ಹೆಸರು ಮೈದಾ, ಎರಡನೇದು ಸಕ್ಕರೆ, ಆಮೇಲೆಲ್ಲೋ ರಾಗಿ ಬಂದ್ರೆ ಅದು ರಾಗಿ ಬಿಸ್ಕತ್ತಲ್ಲ, ರಾಗಿಗೆ ನಮಸ್ಕಾರ ಹಾಕಿದ ಮೈದಾ ಬಿಸ್ಕತ್ತು. ಆದ್ರೆ ಹುರುಳಿ, ದಂಟಿನ ಸೊಪ್ಪು, ರಾಗಿಹಿಟ್ಟು? ಒಂದು ಶೇಕ್ ಡಬ್ಬಿಯ ದುಡ್ಡಿಗೆ ತಿಂಗಳ ಕಾಳು ಬರುತ್ತೆ.

ಎರಡು, "ಈಗ ಇಂಜೆಕ್ಷನ್ನೇ ಬಂದಿದೆಯಲ್ಲ ಗುರು." ಹೌದು, ಟಿರ್ಜೆಪಟೈಡ್ 2025ರ ಮಾರ್ಚಿನಲ್ಲಿ ನಮ್ಮ ದೇಶಕ್ಕೆ ಬಂತು. ಡಾಕ್ಟರು ನೋಡಿ ಕೊಟ್ರೆ ಬೇಕಾದವರಿಗೆ ಅದು ದೊಡ್ಡ ಉಪಕಾರ, ನಾನು ಅಣಕಿಸೋನಲ್ಲ. ಆದ್ರೆ ಅದು ಮಾಡೋದೂ ಹಸಿವು ಕಡಿಮೆ ಮಾಡೋ ಕೆಲಸವೇ. ಅರ್ಧ ತಟ್ಟೆ ತಿನ್ನೋನಿಗೆ ಆ ಅರ್ಧದಲ್ಲಿ ಏನಿದೆ ಅನ್ನೋದು ಇನ್ನೂ ಮುಖ್ಯ ಆಗುತ್ತೆ, ಅಲ್ವಾ?

ಮೂರು, "ಇಷ್ಟು ನಿಧಾನ ಆದ್ರೆ ಹೇಗೆ?" 2024ರಲ್ಲಿ ಐಸಿಎಂಆರ್ ಮತ್ತು ರಾಷ್ಟ್ರೀಯ ಪೋಷಣಾ ಸಂಸ್ಥೆ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ ವಾರಕ್ಕೆ ಅರ್ಧ ಕೆಜಿ ಇಳಿಕೆ ಸುರಕ್ಷಿತ ಅಂತಲೇ ಇದೆ. ನನ್ನದು ಅದಕ್ಕೂ ನಿಧಾನ. ಇರಲಿ. ನಾಲ್ಕು ವರ್ಷ ತಗೊಂಡು ಏರಿದ್ದನ್ನ ನಾಲ್ಕು ತಿಂಗಳಿಗೆ ಇಳಿಸ್ತೀನಿ ಅನ್ನೋದೇ ದುರಾಸೆ.

ಕೊನೆಗೆ ನಮ್ಮ ಮಾಲೂರು ಹುಡುಗನಿಗೆ. ತಮ್ಮಾ, ನೀನು ಆರು ಕೆಜಿ ಇಳಿಸಿದ್ದು ನಿಜ. ನಿನ್ನ ಲೆಕ್ಕ ತಪ್ಪಿಲ್ಲ, ನಂದೂ ತಪ್ಪಿರಲಿಲ್ಲ. ಶೇಕ್ ಬಿಟ್ಟ ದಿನ ನಿನ್ನ ಮುಂದೆ ಬರೋ ತಟ್ಟೆಯಲ್ಲಿ ಏನಿರುತ್ತೆ, ಅದನ್ನ ಈಗಲೇ ಯೋಚನೆ ಮಾಡು. ಆ ತಟ್ಟೆ ಹಳೇದೇ ಆಗಿದ್ರೆ ತೂಕವೂ ಹಳೇದೇ ಆಗುತ್ತೆ. ಮತ್ತೆ ಆ ತಟ್ಟೆಯನ್ನ ಅಮ್ಮ ಮಾಡಿಕೊಡ್ಲಿ ಅಂತ ಕೂರಬೇಡ. ಬರೋ ಭಾನುವಾರ ನಿನಗೆ ರಜೆ ಅಂದಿದ್ದೆ. ನಾನೇ ಮಾಲೂರಿಗೆ ಬರ್ತೀನಿ. ಚಿಕ್ಕಮ್ಮನನ್ನ ಟಿವಿ ಮುಂದೆ ಕೂರಿಸೋಣ. ನೀನು ಸೊಪ್ಪು ಬಿಡಿಸು, ನಾನು ಮುದ್ದೆ ತಿರುವ್ತೀನಿ. ಗಂಟಾದ್ರೆ ನಗಬೇಡ.

ಓದಿದ ನೀವೂ ಹೇಳಿ. ನಿಮ್ಮ ಕಡೆ ಮುದ್ದೆಯ ಜಾಗದಲ್ಲಿ ರೊಟ್ಟಿ ಇರಬಹುದು, ಕುಚ್ಚಲಕ್ಕಿ ಗಂಜಿ ಇರಬಹುದು. ಅದರ ಪಕ್ಕದಲ್ಲಿ ಇದ್ದದ್ದು ಏನು, ಈಗ ಏನು ಉಳಿದಿದೆ, ಅದನ್ನ ಮಾಡ್ತಿರೋರು ಯಾರು? ನಿಮ್ಮ ಬ್ಲಾಗಿನಲ್ಲಿ ಬರೆದ್ರೆ ಖಂಡಿತ ಬಂದು ಓದ್ತೀನಿ.

ಸರಿ, ಹೊರಡ್ತೀನಿ. ಅಲಸಂದೆ ನೆನೆಸಬೇಕು.